ಮಾನವ ಶ್ವಾಸಾಂಗವ್ಯೂಹ: ಮುಖ್ಯಾಂಶಗಳು (ಪಾಂಡವಪುರ ಉಪವಿಭಾಗದ ನಿದರ್ಶನಗಳೊಂದಿಗೆ)

1. ಪ್ರದೇಶ ನೋಟ

- ಮಂಡ್ಯ ಜಿಲ್ಲೆ ರಚನೆ: 1939 ಜುಲೈ 1; ಮೈಸೂರು ಜಿಲ್ಲೆಯಿಂದ ವಿಭಜನೆ
- ತಾಲ್ಲೂಕುಗಳು: 7, ಕಂದಾಯ ಉಪವಿಭಾಗಗಳು: 2 (ಮಂಡ್ಯ, ಪಾಂಡವಪುರ)
- ಪಾಂಡವಪುರ ಉಪವಿಭಾಗ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ
- ಉಪವಿಭಾಗದ ವೈದ್ಯಕೀಯ ಕಾಲೇಜು: ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬಿ.ಜಿ. ನಗರ, ನಾಗಮಂಗಲ ತಾಲ್ಲೂಕು, ಸ್ಥಾಪನೆ 1986
- ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು: ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್), ಸ್ಥಾಪನೆ 2006
- ಶ್ವಾಸಾಂಗಕ್ಕೆ ಸಂಬಂಧಿಸಿದ ಸ್ಥಳೀಯ ಅಂಶಗಳು: ಆಲೆಮನೆ ಹೊಗೆ, ಕಬ್ಬಿನ ಸಿಪ್ಪೆಯ ಧೂಳು, ಕಲ್ಲು ಕ್ರಷರ್ ಧೂಳು, ಹಗೇವಿನ (ರಾಗಿ ಸಂಗ್ರಹದ ಗುಂಡಿ) ಆಮ್ಲಜನಕ ಕೊರತೆ, ನಾಲೆಯಲ್ಲಿ ಮುಳುಗುವಿಕೆ

2. ಮೂಲ ವ್ಯಾಖ್ಯೆಗಳು

- ಉಸಿರಾಟ: ವಾತಾವರಣ ಮತ್ತು ಶ್ವಾಸಕೋಶಗಳ ನಡುವಿನ ಗಾಳಿಯ ಚಲನೆ, ಭೌತಿಕ ಕ್ರಿಯೆ
- ಉಚ್ಛ್ವಾಸ: ಗಾಳಿ ಒಳಕ್ಕೆ, ನಿಶ್ವಾಸ: ಗಾಳಿ ಹೊರಕ್ಕೆ
- ಬಾಹ್ಯ ಶ್ವಸನ: ಗಾಳಿಗೂಡು ಮತ್ತು ರಕ್ತದ ನಡುವೆ ಅನಿಲ ವಿನಿಮಯ
- ಆಂತರಿಕ ಶ್ವಸನ: ರಕ್ತ ಮತ್ತು ಅಂಗಾಂಶಗಳ ನಡುವೆ ಅನಿಲ ವಿನಿಮಯ
- ಕೋಶೀಯ ಶ್ವಸನ: ಗ್ಲೂಕೋಸ್ ಉತ್ಕರ್ಷಣೆ, ಎಟಿಪಿ ಉತ್ಪಾದನೆ, ಪ್ರಧಾನ ತಾಣ ಮೈಟೊಕಾಂಡ್ರಿಯ
- ಆಮ್ಲಜನಕರಹಿತ ಶ್ವಸನ: ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ, ಯೀಸ್ಟ್‌ನಲ್ಲಿ ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್
- ಶ್ವಸನಾಂಕ: ಹೊರಬಿದ್ದ ಕಾರ್ಬನ್ ಡೈಆಕ್ಸೈಡ್ ÷ ಬಳಕೆಯಾದ ಆಮ್ಲಜನಕ, ಕಾರ್ಬೊಹೈಡ್ರೇಟ್ 1.0, ಪ್ರೋಟೀನ್ ಸುಮಾರು 0.9, ಕೊಬ್ಬು ಸುಮಾರು 0.7

3. ಗಾಳಿಯ ಹಾದಿ (ಕ್ರಮ ಕಡ್ಡಾಯ)

- ಹೊರ ಮೂಗಿನ ಹೊಳ್ಳೆ → ನಾಸಿಕ ಕುಹರ → ಗಂಟಲಕುಳಿ → ಧ್ವನಿಪೆಟ್ಟಿಗೆ → ಶ್ವಾಸನಾಳ → ಶ್ವಾಸನಾಳದ ಕವಲು → ಶ್ವಾಸನಾಳಿಕೆ → ಅಂತ್ಯ ಶ್ವಾಸನಾಳಿಕೆ → ಗಾಳಿಗೂಡು
- ವಾಹಕ ಭಾಗ: ಮೂಗಿನಿಂದ ಅಂತ್ಯ ಶ್ವಾಸನಾಳಿಕೆವರೆಗೆ, ಅನಿಲ ವಿನಿಮಯ ಇಲ್ಲ
- ವಾಹಕ ಭಾಗದ ಕಾರ್ಯ: ಗಾಳಿ ಸೋಸುವಿಕೆ, ತೇವಗೊಳಿಸುವಿಕೆ, ದೇಹದ ಉಷ್ಣತೆಗೆ ತರುವಿಕೆ
- ವಿನಿಮಯ ಭಾಗ: ಶ್ವಸನ ಶ್ವಾಸನಾಳಿಕೆ, ಗಾಳಿಗೂಡು ನಾಳ, ಗಾಳಿಗೂಡು
- ಶ್ವಾಸನಾಳದಿಂದ ಗಾಳಿಗೂಡಿನವರೆಗೆ ಕವಲೊಡೆಯುವಿಕೆ: ಸುಮಾರು 23 ಹಂತ, ಮೊದಲ 16 ವಾಹಕ, ಉಳಿದವು ವಿನಿಮಯ

4. ಮೇಲ್ಭಾಗದ ಅಂಗಗಳು

*ಮೂಗು*
- ನಾಸಿಕ ಭಿತ್ತಿ: ಕುಹರದ ಎರಡು ಭಾಗಗಳ ನಡುವಿನ ತಡೆ; ಮೃದ್ವಸ್ಥಿ ಮತ್ತು ಮೂಳೆ
- ಕಾಂಕಾ ಮೂಳೆಗಳು: ಪ್ರತಿ ಬದಿ 3 (ಮೇಲಿನ, ನಡುವಿನ, ಕೆಳಗಿನ)
- ಒಳಪದರ: ಲೋಮಾಂಗಯುಕ್ತ ಮಿಥ್ಯಾಸ್ತರಿತ ಸ್ತಂಭಾಕಾರದ ಅನುಲೇಪಕ ಅಂಗಾಂಶ, ಲೋಳೆ ಕೋಶಗಳು
- ಪರಿನಾಸಿಕ ಗಾಳಿಕುಹರ: 4 ಜೊತೆ, ಫ್ರಾಂಟಲ್, ಮ್ಯಾಕ್ಸಿಲರಿ, ಎತ್ಮಾಯ್ಡ್, ಸ್ಫೀನಾಯ್ಡ್
- ಅತಿ ದೊಡ್ಡ ಕುಹರ: ಮ್ಯಾಕ್ಸಿಲರಿ, ಉರಿಯೂತ: ಸೈನುಸೈಟಿಸ್

*ಗಂಟಲಕುಳಿ*
- ಉದ್ದ: ಸುಮಾರು 12–14 ಸೆಂ.ಮೀ.
- ಭಾಗಗಳು: 3, ನಾಸಾಭಾಗ, ಬಾಯಿಭಾಗ, ಧ್ವನಿಪೆಟ್ಟಿಗೆ ಭಾಗ
- ಆಹಾರ ಮತ್ತು ಗಾಳಿ ಎರಡಕ್ಕೂ ಸಾಮಾನ್ಯ ಮಾರ್ಗ
- ಯೂಸ್ಟೇಷಿಯನ್ ನಾಳ: ನಾಸಾಭಾಗದಿಂದ ಮಧ್ಯಕಿವಿಗೆ

*ಧ್ವನಿಪೆಟ್ಟಿಗೆ*
- ಸ್ಥಾನ: ವಯಸ್ಕರಲ್ಲಿ ಕತ್ತಿನ 3ರಿಂದ 6ನೇ ಕಶೇರುಮಣಿ ಮಟ್ಟ
- ಮೃದ್ವಸ್ಥಿಗಳು: 9, ಒಂಟಿ 3, ಜೊತೆ 3
- ಒಂಟಿ: ಥೈರಾಯ್ಡ್, ಕ್ರೈಕಾಯ್ಡ್, ಎಪಿಗ್ಲಾಟಿಸ್
- ಜೊತೆ: ಆರಿಟಿನಾಯ್ಡ್, ಕಾರ್ನಿಕ್ಯುಲೇಟ್, ಕ್ಯೂನಿಫಾರ್ಮ್
- ಅತಿ ದೊಡ್ಡದು: ಥೈರಾಯ್ಡ್ ಮೃದ್ವಸ್ಥಿ, ಪುರುಷರ ಕತ್ತಿನ ಉಬ್ಬು ಇದರದೇ
- ಪೂರ್ಣ ಉಂಗುರ: ಕ್ರೈಕಾಯ್ಡ್ ಒಂದೇ
- ಎಪಿಗ್ಲಾಟಿಸ್: ಸ್ಥಿತಿಸ್ಥಾಪಕ ಮೃದ್ವಸ್ಥಿ, ನುಂಗುವಾಗ ಧ್ವನಿಪೆಟ್ಟಿಗೆಯ ಬಾಯಿಗೆ ಮುಚ್ಚಳ
- ಗ್ಲಾಟಿಸ್: ಧ್ವನಿತಂತುಗಳು ಮತ್ತು ಅವುಗಳ ನಡುವಿನ ಬಿರುಕು

5. ಶ್ವಾಸನಾಳ ಮತ್ತು ಕವಲುಗಳು

- ಶ್ವಾಸನಾಳದ ಉದ್ದ: ಸುಮಾರು 10–12 ಸೆಂ.ಮೀ.; ವ್ಯಾಸ: ಸುಮಾರು 2–2.5 ಸೆಂ.ಮೀ.
- ಮೃದ್ವಸ್ಥಿ ಉಂಗುರ: 16–20, ಹಿಂಬದಿ ತೆರೆದ ಅಪೂರ್ಣ ಉಂಗುರ, ಕುದುರೆ ಲಾಳದ ಆಕಾರ
- ಉಂಗುರದ ವಿಧ: ಹಯಲೈನ್ ಮೃದ್ವಸ್ಥಿ, ಕಾರ್ಯ: ನಾಳ ಕುಸಿಯದಂತೆ ಆಧಾರ
- ಹಿಂಬದಿ ತೆರವಿನ ಪ್ರಯೋಜನ: ನುಂಗುವಾಗ ಅನ್ನನಾಳ ಹಿಗ್ಗಲು ಅವಕಾಶ
- ಕವಲೊಡೆಯುವ ಮಟ್ಟ: ಎದೆಯ 4–5ನೇ ಕಶೇರುಮಣಿ, ಕವಲಿನ ಏಣು: ಕರೈನಾ
- ಬಲ ಕವಲು: ಅಗಲ, ಗಿಡ್ಡ (ಸುಮಾರು 2.5 ಸೆಂ.ಮೀ.), ಹೆಚ್ಚು ನೇರ
- ಎಡ ಕವಲು: ಕಿರಿದು, ಉದ್ದ (ಸುಮಾರು 5 ಸೆಂ.ಮೀ.), ಹೆಚ್ಚು ಓರೆ
- ಕಡಲೆಕಾಯಿ ಬೀಜ, ಹುಣಸೆ ಬೀಜ, ಕೊಬ್ಬರಿ ಚೂರು ಸಿಕ್ಕಿಕೊಳ್ಳುವ ಸಾಮಾನ್ಯ ಸ್ಥಳ: ಬಲ ಕವಲು
- ಶ್ವಾಸನಾಳಿಕೆಗಳು: ಮೃದ್ವಸ್ಥಿರಹಿತ, ನುಣುಪು ಸ್ನಾಯು, ಅಸ್ತಮಾದಲ್ಲಿ ಸಂಕೋಚನದ ತಾಣ

6. ಶ್ವಾಸಕೋಶ

- ಸ್ಥಾನ: ಎದೆಗೂಡು, ತಳ: ವಪೆಯ ಮೇಲೆ, ತುದಿ: ಕೊರಳೆಲುಬಿಗಿಂತ ತುಸು ಮೇಲೆ
- ಎದೆಗೂಡಿನ ಗಡಿ: ಹಿಂದೆ ಬೆನ್ನೆಲುಬು, ಮುಂದೆ ಎದೆಮೂಳೆ, ಬದಿಗಳಲ್ಲಿ ಪಕ್ಕೆಲುಬು, ಕೆಳಗೆ ವಪೆ
- ಪಕ್ಕೆಲುಬು: 12 ಜೊತೆ, ನಿಜ 7, ಮಿಥ್ಯ 5 (ಇವುಗಳಲ್ಲಿ ಕೊನೆಯ 2 ಜೊತೆ ತೇಲು ಪಕ್ಕೆಲುಬು)
- ಬಲ ಶ್ವಾಸಕೋಶ: 3 ಹಾಲೆ, 2 ಸೀಳು, ತೂಕ ಸುಮಾರು 625 ಗ್ರಾಂ
- ಎಡ ಶ್ವಾಸಕೋಶ: 2 ಹಾಲೆ, 1 ಸೀಳು, ತೂಕ ಸುಮಾರು 565 ಗ್ರಾಂ
- ಹೃದಯದ ತಗ್ಗು, ಲಿಂಗುಲಾ: ಎಡ ಶ್ವಾಸಕೋಶದಲ್ಲಿ ಮಾತ್ರ
- ಪ್ಲೂರಾ: ಎರಡು ಪದರದ ಹೊದಿಕೆ, ಒಳಗಿನದು ವಿಸೆರಲ್, ಹೊರಗಿನದು ಪೆರೈಟಲ್
- ಪ್ಲೂರಾ ದ್ರವ: ಘರ್ಷಣೆ ತಗ್ಗಿಸುವಿಕೆ, ಪ್ಲೂರಾ ಉರಿಯೂತ: ಪ್ಲೂರಿಸಿ
- ಪ್ಲೂರಾ ಕುಹರದಲ್ಲಿ ಗಾಳಿ: ನ್ಯೂಮೋಥೊರಾಕ್ಸ್, ರಕ್ತ: ಹೀಮೋಥೊರಾಕ್ಸ್, ಕೀವು: ಎಂಪೈಮಾ
- ಶ್ವಾಸಕೋಶ ಅಪಧಮನಿ: ಆಮ್ಲಜನಕ ಕಡಿಮೆ ಇರುವ ರಕ್ತ
- ಶ್ವಾಸಕೋಶ ಅಭಿಧಮನಿ: 4, ಆಮ್ಲಜನಕಯುಕ್ತ ರಕ್ತ
- ಶ್ವಾಸಕೋಶ ಅಪಧಮನಿ ಒತ್ತಡ: ಸುಮಾರು 25/8 ಮಿ.ಮೀ. ಪಾದರಸ

7. ಗಾಳಿಗೂಡು (ಆಲ್ವಿಯೋಲೈ)

- ಸಂಖ್ಯೆ: ಎರಡೂ ಶ್ವಾಸಕೋಶ ಸೇರಿ ಸುಮಾರು 30 ಕೋಟಿ (ಪಠ್ಯಪುಸ್ತಕ ಅಂಕಿ), 2004ರ ಎಣಿಕೆಯಲ್ಲಿ ಸರಾಸರಿ 48 ಕೋಟಿ
- ವ್ಯಾಸ: ಸುಮಾರು 0.2–0.3 ಮಿ.ಮೀ.
- ಒಟ್ಟು ವಿನಿಮಯ ಮೇಲ್ಮೈ: ಸುಮಾರು 70 ಚದರ ಮೀಟರ್
- ಮೊದಲ ವಿಧದ ಕೋಶ: ಚಪ್ಪಟೆ, ಮೇಲ್ಮೈಯ ಸುಮಾರು 95%, ಕಾರ್ಯ: ಅನಿಲ ವಿನಿಮಯ
- ಎರಡನೇ ವಿಧದ ಕೋಶ: ಸರ್ಫ್ಯಾಕ್ಟಂಟ್ ಸ್ರವಿಕೆ
- ಧೂಳುಕೋಶ: ಗಾಳಿಗೂಡಿನ ಮ್ಯಾಕ್ರೊಫೇಜ್
- ಸರ್ಫ್ಯಾಕ್ಟಂಟ್: ಫಾಸ್ಫೊಲಿಪಿಡ್ ಪ್ರಧಾನ, ಮೇಲ್ಮೈ ಎಳೆತ ತಗ್ಗಿಸಿ ಗಾಳಿಗೂಡು ಕುಸಿಯದಂತೆ ತಡೆ
- ಭ್ರೂಣದಲ್ಲಿ ಉತ್ಪಾದನೆ ಆರಂಭ: ಸುಮಾರು 24–28ನೇ ವಾರ, ಸಾಕಷ್ಟು ಪ್ರಮಾಣ: ಸುಮಾರು 35ನೇ ವಾರ
- ಅವಧಿಪೂರ್ವ ಶಿಶುವಿನಲ್ಲಿ ಕೊರತೆ: ನವಜಾತ ಶಿಶುವಿನ ಶ್ವಾಸ ಸಂಕಟ ಕಾಯಿಲೆ, ಕಾರಣ ಪತ್ತೆ: ಮೇರಿ ಎಲೆನ್ ಏವರಿ, 1959
- ವಿಸರಣ ಪೊರೆಯ ಪದರಗಳು: 3, ಗಾಳಿಗೂಡಿನ ಅನುಲೇಪಕ, ಆಧಾರ ಪೊರೆ, ಲೋಮನಾಳದ ಎಂಡೋಥೀಲಿಯಂ
- ಪೊರೆಯ ದಪ್ಪ: ಸುಮಾರು 0.5 ಮೈಕ್ರೊಮೀಟರ್

8. ಉಸಿರಾಟದ ಯಂತ್ರವಿಧಾನ

- ಆಧಾರ ನಿಯಮ: ಬಾಯ್ಲ್ ನಿಯಮ, 1662, ಸ್ಥಿರ ಉಷ್ಣತೆಯಲ್ಲಿ ಗಾತ್ರ ಮತ್ತು ಒತ್ತಡ ವಿಲೋಮಾನುಪಾತ
- ಪ್ರಧಾನ ಸ್ನಾಯು: ವಪೆ, ಶಾಂತ ಉಚ್ಛ್ವಾಸದ ಸುಮಾರು 75% ಗಾತ್ರ ಬದಲಾವಣೆ
- ವಪೆಯ ನರ: ಫ್ರೆನಿಕ್, ಮೂಲ: ಕತ್ತಿನ 3, 4, 5ನೇ ಮಿದುಳುಬಳ್ಳಿ ನರಗಳು
- ವಪೆಯ ಚಲನೆ: ಶಾಂತ ಉಸಿರಾಟದಲ್ಲಿ ಸುಮಾರು 1.5 ಸೆಂ.ಮೀ.; ಆಳ ಉಸಿರಾಟದಲ್ಲಿ 7–10 ಸೆಂ.ಮೀ.

*ಉಚ್ಛ್ವಾಸ (ಸಕ್ರಿಯ)*
- ವಪೆ ಸಂಕೋಚನ, ಕೆಳಕ್ಕೆ ಚಪ್ಪಟೆ
- ಹೊರ ಅಂತರಪಕ್ಕೆಲುಬು ಸ್ನಾಯು ಸಂಕೋಚನ. ಪಕ್ಕೆಲುಬು ಮತ್ತು ಎದೆಮೂಳೆ ಮೇಲಕ್ಕೆ, ಹೊರಕ್ಕೆ
- ಎದೆಗೂಡಿನ ಗಾತ್ರ ಹೆಚ್ಚಳ, ಶ್ವಾಸಕೋಶದ ಒಳ ಒತ್ತಡ ವಾತಾವರಣಕ್ಕಿಂತ ಕಡಿಮೆ, ಗಾಳಿ ಒಳಕ್ಕೆ

*ನಿಶ್ವಾಸ (ಶಾಂತ ಸ್ಥಿತಿಯಲ್ಲಿ ನಿಷ್ಕ್ರಿಯ)*
- ವಪೆ ಸಡಿಲ, ಗುಮ್ಮಟದ ಆಕಾರ
- ಶ್ವಾಸಕೋಶದ ಸ್ಥಿತಿಸ್ಥಾಪಕ ಹಿಂಜಗ್ಗು, ಒಳ ಒತ್ತಡ ಹೆಚ್ಚಳ, ಗಾಳಿ ಹೊರಕ್ಕೆ
- ಬಲವಂತದ ನಿಶ್ವಾಸ: ಒಳ ಅಂತರಪಕ್ಕೆಲುಬು ಮತ್ತು ಹೊಟ್ಟೆಯ ಸ್ನಾಯುಗಳು

*ಒತ್ತಡಗಳು (ಸೆಂ.ಮೀ. ನೀರು)*
- ಗಾಳಿಗೂಡು: ಉಚ್ಛ್ವಾಸದಲ್ಲಿ –1, ನಿಶ್ವಾಸದಲ್ಲಿ +1
- ಪ್ಲೂರಾ ಕುಹರ: ಉಚ್ಛ್ವಾಸದ ಆರಂಭದಲ್ಲಿ –5, ಅಂತ್ಯದಲ್ಲಿ –7.5

9. ಗಾತ್ರ ಮತ್ತು ಸಾಮರ್ಥ್ಯ (ಆರೋಗ್ಯವಂತ ವಯಸ್ಕ ಪುರುಷ, ಮಿ.ಲೀ.)

- ಸಾಮಾನ್ಯ ಉಸಿರು ಗಾತ್ರ: 500
- ಉಚ್ಛ್ವಾಸ ಮೀಸಲು ಗಾತ್ರ: 2500–3000
- ನಿಶ್ವಾಸ ಮೀಸಲು ಗಾತ್ರ: 1000–1100
- ಶೇಷ ಗಾತ್ರ: 1100–1200
- ಉಚ್ಛ್ವಾಸ ಸಾಮರ್ಥ್ಯ: ಉಸಿರು ಗಾತ್ರ + ಉಚ್ಛ್ವಾಸ ಮೀಸಲು
- ಕ್ರಿಯಾತ್ಮಕ ಶೇಷ ಸಾಮರ್ಥ್ಯ: ನಿಶ್ವಾಸ ಮೀಸಲು + ಶೇಷ ಗಾತ್ರ
- ಜೀವ ಸಾಮರ್ಥ್ಯ: ಉಸಿರು ಗಾತ್ರ + ಎರಡೂ ಮೀಸಲು, 4000–4600
- ಒಟ್ಟು ಸಾಮರ್ಥ್ಯ: ಜೀವ ಸಾಮರ್ಥ್ಯ + ಶೇಷ ಗಾತ್ರ, ಸುಮಾರು 5800
- ಅಳತೆ ಸಾಧನ: ಸ್ಪೈರೋಮೀಟರ್; ಜಾನ್ ಹಚಿನ್‌ಸನ್, 1846
- ಸ್ಪೈರೋಮೀಟರ್‌ಗೆ ನಿಲುಕದವು: ಶೇಷ ಗಾತ್ರ, ಕ್ರಿಯಾತ್ಮಕ ಶೇಷ ಸಾಮರ್ಥ್ಯ, ಒಟ್ಟು ಸಾಮರ್ಥ್ಯ
- ಉಸಿರಾಟದ ದರ: ವಯಸ್ಕರಲ್ಲಿ ನಿಮಿಷಕ್ಕೆ 12–16; ನವಜಾತ ಶಿಶುವಿನಲ್ಲಿ 30–60
- ನಿಮಿಷ ಗಾತ್ರ: 500 × 12 = 6000
- ಅಂಗರಚನಾ ನಿರುಪಯುಕ್ತ ಅವಕಾಶ: ಸುಮಾರು 150
- ಗಾಳಿಗೂಡು ವಾಯುಪೂರಣ: (500 – 150) × 12 = 4200

10. ಅನಿಲ ವಿನಿಮಯ

- ವಿಧಾನ: ಸರಳ ವಿಸರಣ, ಎಟಿಪಿ ವ್ಯಯ ಇಲ್ಲ
- ಒಳಗೆಳೆದ ಗಾಳಿ: ಆಮ್ಲಜನಕ ಸುಮಾರು 21%, ಕಾರ್ಬನ್ ಡೈಆಕ್ಸೈಡ್ ಸುಮಾರು 0.04%
- ಹೊರಬಿಟ್ಟ ಗಾಳಿ: ಆಮ್ಲಜನಕ ಸುಮಾರು 16%, ಕಾರ್ಬನ್ ಡೈಆಕ್ಸೈಡ್ ಸುಮಾರು 4%
- ಆಮ್ಲಜನಕದ ಆಂಶಿಕ ಒತ್ತಡ (ಮಿ.ಮೀ. ಪಾದರಸ): ವಾತಾವರಣ 159, ಗಾಳಿಗೂಡು 104, ಅಪಧಮನಿ ರಕ್ತ 95, ಅಂಗಾಂಶ 40, ಅಭಿಧಮನಿ ರಕ್ತ 40
- ಕಾರ್ಬನ್ ಡೈಆಕ್ಸೈಡ್‌ನ ಆಂಶಿಕ ಒತ್ತಡ: ವಾತಾವರಣ 0.3, ಗಾಳಿಗೂಡು 40, ಅಪಧಮನಿ ರಕ್ತ 40, ಅಂಗಾಂಶ 45, ಅಭಿಧಮನಿ ರಕ್ತ 45
- ಕರಗುವಿಕೆ: ಕಾರ್ಬನ್ ಡೈಆಕ್ಸೈಡ್ ಆಮ್ಲಜನಕಕ್ಕಿಂತ 20–25 ಪಟ್ಟು ಹೆಚ್ಚು
- ಸಂಬಂಧಿತ ನಿಯಮಗಳು: ಡಾಲ್ಟನ್ (ಆಂಶಿಕ ಒತ್ತಡ), ಹೆನ್ರಿ (ಅನಿಲ ಕರಗುವಿಕೆ)

*ಎತ್ತರ ಮತ್ತು ಆಳ: ಲೆಕ್ಕದ ನಿದರ್ಶನ*
- ಶ್ರೀರಂಗಪಟ್ಟಣ: ಎತ್ತರ ಸುಮಾರು 680 ಮೀ.; ವಾಯುಭಾರ ಸುಮಾರು 700 ಮಿ.ಮೀ.; ಆಮ್ಲಜನಕದ ಆಂಶಿಕ ಒತ್ತಡ ಸುಮಾರು 147
- ಮೇಲುಕೋಟೆ (ಪಾಂಡವಪುರ ತಾಲ್ಲೂಕು): ಎತ್ತರ ಸುಮಾರು 1000 ಮೀ.; ಆಮ್ಲಜನಕದ ಆಂಶಿಕ ಒತ್ತಡ ಸುಮಾರು 141
- ಎರಡೂ ಕಡೆ ಆಮ್ಲಜನಕದ ಶೇಕಡಾವಾರು ಒಂದೇ: 21%, ಬದಲಾಗುವುದು ಒತ್ತಡ ಮಾತ್ರ
- ಕೃಷ್ಣರಾಜಸಾಗರ (ಕೆಆರ್‌ಎಸ್) ಅಣೆಕಟ್ಟೆ (ಶ್ರೀರಂಗಪಟ್ಟಣ ತಾಲ್ಲೂಕು): ಪೂರ್ಣ ಮಟ್ಟ 124.80 ಅಡಿ, ಅಂದರೆ ಸುಮಾರು 38 ಮೀ.
- ನೀರಿನಲ್ಲಿ ಪ್ರತಿ 10 ಮೀ. ಆಳಕ್ಕೆ ಹೆಚ್ಚುವರಿ ಸುಮಾರು 1 ವಾಯುಭಾರ, 38 ಮೀ. ನೀರಿನ ಸ್ತಂಭಕ್ಕೆ ಹೆಚ್ಚುವರಿ ಸುಮಾರು 3.7
- ಆಳದಿಂದ ಹಠಾತ್ ಮೇಲೇಳುವ ಮುಳುಗುಗಾರರ ಅಪಾಯ: ರಕ್ತದಲ್ಲಿ ಸಾರಜನಕದ ಗುಳ್ಳೆ

11. ಅನಿಲ ಸಾಗಣೆ

*ಆಮ್ಲಜನಕ*
- ಹಿಮೋಗ್ಲೋಬಿನ್ ಮೂಲಕ ಸುಮಾರು 97%. ಪ್ಲಾಸ್ಮಾದಲ್ಲಿ ಕರಗಿ ಸುಮಾರು 3%
- 1 ಹಿಮೋಗ್ಲೋಬಿನ್ ಅಣು: ಗರಿಷ್ಠ 4 ಆಮ್ಲಜನಕ ಅಣು
- 1 ಗ್ರಾಂ ಹಿಮೋಗ್ಲೋಬಿನ್: ಸುಮಾರು 1.34 ಮಿ.ಲೀ. ಆಮ್ಲಜನಕ
- 100 ಮಿ.ಲೀ. ರಕ್ತದಿಂದ ಅಂಗಾಂಶಕ್ಕೆ: ಸುಮಾರು 5 ಮಿ.ಲೀ.
- ಬಿಡುಗಡೆ ವಕ್ರರೇಖೆ: ಸಿಗ್ಮಾಯ್ಡ್; 50% ಸಂತೃಪ್ತಿಯ ಒತ್ತಡ ಸುಮಾರು 26.6 ಮಿ.ಮೀ. ಪಾದರಸ
- ರೇಖೆ ಬಲಕ್ಕೆ: ಹೆಚ್ಚು ಕಾರ್ಬನ್ ಡೈಆಕ್ಸೈಡ್, ಹೆಚ್ಚು ಆಮ್ಲೀಯತೆ, ಹೆಚ್ಚು ಉಷ್ಣತೆ
- ಬೋರ್ ಪರಿಣಾಮ: ಕ್ರಿಶ್ಚಿಯನ್ ಬೋರ್, 1904

*ಕಾರ್ಬನ್ ಡೈಆಕ್ಸೈಡ್*
- ಬೈಕಾರ್ಬೊನೇಟ್ ರೂಪ ಸುಮಾರು 70%. ಕಾರ್ಬಮಿನೊ ಹಿಮೋಗ್ಲೋಬಿನ್ 20–25%. ಪ್ಲಾಸ್ಮಾದಲ್ಲಿ ಕರಗಿ ಸುಮಾರು 7%
- ಕಿಣ್ವ: ಕಾರ್ಬಾನಿಕ್ ಅನ್‌ಹೈಡ್ರೇಸ್, ಪ್ರಧಾನ ತಾಣ: ಕೆಂಪು ರಕ್ತಕಣ, ಲೋಹ: ಸತು
- ಕ್ಲೋರೈಡ್ ಪಲ್ಲಟ: ಬೈಕಾರ್ಬೊನೇಟ್ ಹೊರಕ್ಕೆ, ಕ್ಲೋರೈಡ್ ಒಳಕ್ಕೆ, ಇನ್ನೊಂದು ಹೆಸರು ಹ್ಯಾಂಬರ್ಗರ್ ವಿದ್ಯಮಾನ
- 100 ಮಿ.ಲೀ. ರಕ್ತದಿಂದ ಗಾಳಿಗೂಡಿಗೆ: ಸುಮಾರು 4 ಮಿ.ಲೀ.

*ಕಾರ್ಬನ್ ಮೊನಾಕ್ಸೈಡ್*
- ಹಿಮೋಗ್ಲೋಬಿನ್ ಆಕರ್ಷಣೆ: ಆಮ್ಲಜನಕಕ್ಕಿಂತ 200–250 ಪಟ್ಟು
- ಉತ್ಪನ್ನ: ಕಾರ್ಬಾಕ್ಸಿ ಹಿಮೋಗ್ಲೋಬಿನ್, ಮೂಲ: ಮುಚ್ಚಿದ ಕೋಣೆಯ ಇದ್ದಿಲು, ಅಪೂರ್ಣ ದಹನ

12. ನಿಯಂತ್ರಣ

- ಲಯ ಕೇಂದ್ರ: ಮೆಡುಲಾ ಅಬ್ಲಾಂಗೇಟಾ
- ನ್ಯೂಮೊಟಾಕ್ಸಿಕ್ ಕೇಂದ್ರ: ಪಾನ್ಸ್, ಉಚ್ಛ್ವಾಸದ ಅವಧಿ ತಗ್ಗಿಸುವಿಕೆ
- ಪ್ರಧಾನ ಪ್ರಚೋದಕ: ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಅಯಾನು, ಆಮ್ಲಜನಕದ ಪಾತ್ರ ಅಲ್ಪ
- ಬಾಹ್ಯ ರಾಸಾಯನಿಕ ಗ್ರಾಹಕಗಳು: ಮಹಾಪಧಮನಿ ಕಮಾನು, ಕೆರೊಟಿಡ್ ಕಾಯ
- ಹೆರಿಂಗ್–ಬ್ರಾಯರ್ ಪ್ರತಿವರ್ತನ: 1868, ಶ್ವಾಸಕೋಶದ ಅತಿ ಹಿಗ್ಗುವಿಕೆಗೆ ತಡೆ
- ಕೆರೊಟಿಡ್ ಮತ್ತು ಮಹಾಪಧಮನಿ ಗ್ರಾಹಕ ಸಂಶೋಧನೆ: ಕಾರ್ನೆಲ್ ಹೇಮಾನ್ಸ್, ನೊಬೆಲ್ 1938
- ಹಾವು ಕಡಿತ: ನಾಗರಹಾವು, ಕಟ್ಟುಹಾವು ವಿಷದಿಂದ ಉಸಿರಾಟದ ಸ್ನಾಯುಗಳ ಪಾರ್ಶ್ವವಾಯು
- ಹಾವು ಕಡಿತ ಅಧಿಸೂಚಿತ ಕಾಯಿಲೆ: ಕರ್ನಾಟಕ, 2024 ಫೆಬ್ರವರಿ

13. ತುಲನಾತ್ಮಕ ಉಸಿರಾಟ: ಸ್ಥಳೀಯ ಜೀವಿಗಳು

- ರಂಗನತಿಟ್ಟು ಪಕ್ಷಿಧಾಮ (ಶ್ರೀರಂಗಪಟ್ಟಣ ತಾಲ್ಲೂಕು): 1940, ರಾಮ್ಸಾರ್ ತಾಣ 2022, ಕರ್ನಾಟಕದ ಮೊದಲನೆಯದು
- ಪಕ್ಷಿಗಳು: ಶ್ವಾಸಕೋಶ ಜೊತೆಗೆ ಸಾಮಾನ್ಯವಾಗಿ 9 ಗಾಳಿಚೀಲ, ಏಕಮುಖ ಗಾಳಿ ಹರಿವು, ವಪೆ ಇಲ್ಲ
- ಆದಿಚುಂಚನಗಿರಿ ನವಿಲುಧಾಮ (ನಾಗಮಂಗಲ ತಾಲ್ಲೂಕು): ನವಿಲಿನ ಧ್ವನಿ ಅಂಗ ಸಿರಿಂಕ್ಸ್, ಮಾನವನದು ಲ್ಯಾರಿಂಕ್ಸ್
- ಮೇಲುಕೋಟೆ ದೇವಾಲಯ ವನ್ಯಜೀವಿಧಾಮ: 1974; ತೋಳ: ಸಸ್ತನಿ, ವಪೆ ಸಹಿತ ಶ್ವಾಸಕೋಶ
- ಕಾವೇರಿ ಮೀನು: ಕಿವಿರು; ಮೊಸಳೆ, ನೀರುನಾಯಿ: ಶ್ವಾಸಕೋಶ
- ಕಪ್ಪೆ: ಚರ್ಮ, ಬಾಯಿಕುಹರದ ಪದರ, ಶ್ವಾಸಕೋಶ, ಗೊದಮೊಟ್ಟೆ: ಕಿವಿರು
- ಎರೆಹುಳು: ತೇವ ಚರ್ಮ, ರೇಷ್ಮೆಹುಳು: ಟ್ರೇಕಿಯಾ ನಾಳಗಳು, ಸ್ಪೈರಕಲ್ ರಂಧ್ರಗಳು

14. ಔದ್ಯೋಗಿಕ ಶ್ವಾಸಕೋಶ ಕಾಯಿಲೆಗಳು

- ನ್ಯೂಮೊಕೊನಿಯೋಸಿಸ್‌ಗೆ ಕಾರಣವಾಗುವ ಧೂಳು ಕಣ: 0.5–5 ಮೈಕ್ರಾನ್
- ಸಿಲಿಕೋಸಿಸ್: ಮುಕ್ತ ಸಿಲಿಕಾ, ಕಲ್ಲುಗಣಿ, ಕ್ರಷರ್, ಕಲ್ಲುಕೆತ್ತನೆ
- ಸಿಲಿಕೋಸಿಸ್, ಭಾರತದ ಮೊದಲ ವರದಿ: ಕೋಲಾರ ಚಿನ್ನದ ಗಣಿ, 1947
- ಸಿಲಿಕೋಸಿಸ್ ರೋಗಿಗಳಲ್ಲಿ ಅಧಿಕ ಅಪಾಯ: ಕ್ಷಯ
- ಕಾನೂನು: 1948ರ ಕಾರ್ಖಾನೆ ಕಾಯ್ದೆ (2025 ನವೆಂಬರ್‌ವರೆಗೆ ಜಾರಿ), 3ನೇ ಅನುಸೂಚಿಯಲ್ಲಿ ಸಿಲಿಕೋಸಿಸ್ ಅಧಿಸೂಚಿತವಾಗಿತ್ತು
- ಬೇಬಿಬೆಟ್ಟ (ಪಾಂಡವಪುರ ತಾಲ್ಲೂಕು): ಕಲ್ಲುಗಣಿಗಾರಿಕೆ ಪ್ರದೇಶ, 2024 ಜನವರಿ: ಕೆಆರ್‌ಎಸ್ ಸುತ್ತ 20 ಕಿ.ಮೀ. ವ್ಯಾಪ್ತಿಯ ಗಣಿಗಾರಿಕೆಗೆ ಹೈಕೋರ್ಟ್ ತಡೆ. ಆಧಾರ: ಅಣೆಕಟ್ಟೆ ಸುರಕ್ಷತೆ
- ಬಗಾಸೋಸಿಸ್: ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳು, ಕಾರಕ: ಥರ್ಮೊಆಕ್ಟಿನೊಮೈಸಿಸ್ ಸಕ್ಕರಿ
- ಬಗಾಸೋಸಿಸ್, ಭಾರತದ ಮೊದಲ ವರದಿ: ಗಂಗೂಲಿ ಮತ್ತು ಪಾಲ್, 1955, ಕೋಲ್ಕತ್ತ ಬಳಿಯ ರಟ್ಟು ಕಾರ್ಖಾನೆ
- ಬಗಾಸೋಸಿಸ್ ತಡೆ: ಸಿಪ್ಪೆಯ ತೇವಾಂಶ 20% ಮೀರಿ ಕಾಪಾಡುವಿಕೆ, 2% ಪ್ರೊಪಿಯಾನಿಕ್ ಆಮ್ಲ ಸಿಂಪಡಣೆ, ಧೂಳು ಹೀರುವ ವ್ಯವಸ್ಥೆ
- ಸ್ಥಳೀಯ ಸಂಬಂಧ: ಮೈಸೂರು ಸಕ್ಕರೆ ಕಂಪನಿ, ಮಂಡ್ಯ, 1933, ಸಕ್ಕರೆ ಕಾರ್ಖಾನೆಗಳು: ಪಾಂಡವಪುರ, ಮಾಕವಳ್ಳಿ (ಕೆ.ಆರ್. ಪೇಟೆ ತಾಲ್ಲೂಕು)
- ಮಂಡ್ಯದ ‘ಒಂದು ಜಿಲ್ಲೆ ಒಂದು ಉತ್ಪನ್ನ’: ಬೆಲ್ಲ, ಆಲೆಮನೆ ಒಲೆಯ ಉರುವಲು: ಒಣಗಿದ ಕಬ್ಬಿನ ಸಿಪ್ಪೆ
- ರೈತರ ಶ್ವಾಸಕೋಶ ಕಾಯಿಲೆ: ಬೂಷ್ಟು ಹಿಡಿದ ಹುಲ್ಲು, ಧಾನ್ಯ, ಕಾರಕ: ಮೈಕ್ರೊಪಾಲಿಸ್ಪೋರಾ ಫೀನಿ
- ಬಿಸಿನೋಸಿಸ್: ಹತ್ತಿ, ಆಂಥ್ರಕೋಸಿಸ್: ಕಲ್ಲಿದ್ದಲು, ಸಿಡರೋಸಿಸ್: ಕಬ್ಬಿಣ, ಆಸ್ಬೆಸ್ಟೋಸಿಸ್: ಕಲ್ನಾರು

15. ಉಸಿರುಗಟ್ಟುವಿಕೆ ಮತ್ತು ಪ್ರಥಮ ಚಿಕಿತ್ಸೆ

- ಹಗೇವು: ರಾಗಿ ಸಂಗ್ರಹದ ನೆಲಮಾಳಿಗೆ ಗುಂಡಿ, ಧಾನ್ಯದ ಶ್ವಸನದಿಂದ ಆಮ್ಲಜನಕ ಇಳಿಕೆ, ಕಾರ್ಬನ್ ಡೈಆಕ್ಸೈಡ್ ಶೇಖರಣೆ
- ಸಾಂಪ್ರದಾಯಿಕ ಪರೀಕ್ಷೆ: ಬಾಯಿ ತೆರೆದು ಗಾಳಿಯಾಡಿಸುವಿಕೆ, ನಂತರ ದೀಪ ಇಳಿಸುವಿಕೆ, ದೀಪ ಆರುವ ಮಟ್ಟ ಸುಮಾರು 16% ಆಮ್ಲಜನಕ
- ದೀಪ ಉರಿದರೂ ಸುರಕ್ಷತೆಯ ಖಾತರಿ ಇಲ್ಲ. ಒಬ್ಬಂಟಿ ಪ್ರವೇಶ ನಿಷಿದ್ಧ
- ಮ್ಯಾನ್‌ಹೋಲ್: ಹೈಡ್ರೋಜನ್ ಸಲ್ಫೈಡ್, ಮೀಥೇನ್; ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ: 2013
- ಮುಳುಗುವಿಕೆ: 2018 ನವೆಂಬರ್ 24, ಕನಗನಮರಡಿ (ಪಾಂಡವಪುರ ತಾಲ್ಲೂಕು) ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್, 30 ಸಾವು
- ಹೃದಯ–ಶ್ವಾಸಕೋಶ ಪುನಶ್ಚೇತನ (ಸಿಪಿಆರ್), ವಯಸ್ಕರು: 30 ಒತ್ತು, 2 ಉಸಿರು, ನಿಮಿಷಕ್ಕೆ 100–120 ಒತ್ತು, ಆಳ 5–6 ಸೆಂ.ಮೀ.
- ಗಂಟಲಲ್ಲಿ ಆಹಾರ ಸಿಲುಕಿದಾಗ: ಹೈಮ್ಲಿಕ್ ವಿಧಾನ, 1974

16. ವಾಯು ಗುಣಮಟ್ಟ ಮತ್ತು ತಂಬಾಕು

- ಪಿಎಂ 2.5, ಭಾರತದ ಮಿತಿ (ಘನ ಮೀಟರ್‌ಗೆ ಮೈಕ್ರೊಗ್ರಾಂ): ವಾರ್ಷಿಕ 40, 24 ಗಂಟೆ 60
- ಪಿಎಂ 2.5, ವಿಶ್ವ ಆರೋಗ್ಯ ಸಂಸ್ಥೆ 2021: ವಾರ್ಷಿಕ 5, 24 ಗಂಟೆ 15
- ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ: 2019 ಜನವರಿ 10, ಕರ್ನಾಟಕದ ನಗರಗಳು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ
- ಉಜ್ವಲಾ ಯೋಜನೆ: 2016 ಮೇ 1, ಬಲಿಯಾ, ಗುರಿ: ಅಡುಗೆಮನೆ ಹೊಗೆ ತಡೆ
- ಬೆಂಗಳೂರು ಮಕ್ಕಳ ಅಸ್ತಮಾ, ಆಸ್ಪತ್ರೆ ಆಧಾರಿತ ಅಧ್ಯಯನ: 1979ರಲ್ಲಿ 9%, 1999ರಲ್ಲಿ 29.5%
- ಪಾರ್ಥೇನಿಯಂ (ಕಾಂಗ್ರೆಸ್ ಗಿಡ): ಪರಾಗ ಅಲರ್ಜಿ, ಜೈವಿಕ ನಿಯಂತ್ರಣ ಜೀರುಂಡೆ: ಜೈಗೊಗ್ರಾಮ ಬೈಕಲರೇಟಾ
- ತಂಬಾಕು ನಿಯಂತ್ರಣ ಕಾಯ್ದೆ (ಕೋಟ್ಪಾ): 2003, ಸಾರ್ವಜನಿಕ ಸ್ಥಳ ಧೂಮಪಾನ ನಿಷೇಧ ನಿಯಮ: 2008 ಅಕ್ಟೋಬರ್ 2
- ಕರ್ನಾಟಕ ತಿದ್ದುಪಡಿ: ಮಾರಾಟದ ಕನಿಷ್ಠ ವಯಸ್ಸು 18ರಿಂದ 21, ಧೂಮಪಾನ ದಂಡ 200ರಿಂದ 1000 ರೂ.; ಹುಕ್ಕಾ ಬಾರ್ ನಿಷೇಧ; ರಾಷ್ಟ್ರಪತಿ ಅಂಕಿತ 2025 ಮೇ
- ಎಂಫಿಸೀಮಾ: ಗಾಳಿಗೂಡಿನ ಭಿತ್ತಿ ನಾಶ, ಪ್ರಧಾನ ಕಾರಣ ಧೂಮಪಾನ

17. ಪ್ರಾಣಾಯಾಮ ಪದಗಳು

- ಪೂರಕ: ಉಚ್ಛ್ವಾಸ, ರೇಚಕ: ನಿಶ್ವಾಸ, ಕುಂಭಕ: ಉಸಿರು ತಡೆ
- ಅಷ್ಟಾಂಗ ಯೋಗದಲ್ಲಿ ಪ್ರಾಣಾಯಾಮದ ಸ್ಥಾನ: 4
- ಬಿ.ಕೆ.ಎಸ್. ಅಯ್ಯಂಗಾರ್: ಜನನ 1918 ಡಿಸೆಂಬರ್ 14, ಬೆಳ್ಳೂರು, ಕೋಲಾರ ಜಿಲ್ಲೆ (ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಅಲ್ಲ), ಪದ್ಮವಿಭೂಷಣ 2014

18. ಮೊದಲಿಗರು ಮತ್ತು ವರ್ಷಗಳು

- ಶ್ವಾಸಕೋಶ ಪರಿಚಲನೆ ವಿವರಣೆ: ಇಬ್ನ್ ಅಲ್ ನಫೀಸ್, 13ನೇ ಶತಮಾನ
- ರಕ್ತ ಪರಿಚಲನೆ: ವಿಲಿಯಂ ಹಾರ್ವೆ, 1628
- ಲೋಮನಾಳ (ಕಪ್ಪೆಯ ಶ್ವಾಸಕೋಶದಲ್ಲಿ): ಮಾಲ್ಪಿಜಿ, 1661
- ಆಮ್ಲಜನಕ: ಪ್ರೀಸ್ಟ್ಲಿ, 1774, ಸ್ವತಂತ್ರ ಶೋಧ: ಶೀಲೆ, ಹೆಸರು: ಲವಾಸಿಯೆ
- ಸ್ಟೆತಾಸ್ಕೋಪ್: ಲೆನೆಕ್, 1816
- ಕಬ್ಬಿಣದ ಶ್ವಾಸಕೋಶ: ಫಿಲಿಪ್ ಡ್ರಿಂಕರ್, 1928
- ಹಿಮೋಗ್ಲೋಬಿನ್ ರಚನೆ: ಪೆರುಟ್ಜ್, ಕೆಂಡ್ರೂ ಜೊತೆ ರಸಾಯನ ನೊಬೆಲ್ 1962
- ಮಾನವ ಶ್ವಾಸಕೋಶ ಕಸಿ: ಜೇಮ್ಸ್ ಹಾರ್ಡಿ, 1963
- ಕೋಶಗಳ ಆಮ್ಲಜನಕ ಗ್ರಹಿಕೆ: ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ, ನೊಬೆಲ್ 2019
- ಭಾರತದ ಮೊದಲ ಕೋವಿಡ್ ಪ್ರಕರಣ: ಕೇರಳ, 2020 ಜನವರಿ 30, ಮೊದಲ ಸಾವು: ಕಲಬುರಗಿ, 2020 ಮಾರ್ಚ್ 10

19. ದಿನಾಚರಣೆಗಳು

- ವಿಶ್ವ ಕ್ಷಯ ದಿನ: ಮಾರ್ಚ್ 24
- ವಿಶ್ವ ಅಸ್ತಮಾ ದಿನ: ಮೇ ಮೊದಲ ಮಂಗಳವಾರ
- ವಿಶ್ವ ತಂಬಾಕುರಹಿತ ದಿನ: ಮೇ 31
- ವಿಶ್ವ ನ್ಯುಮೋನಿಯಾ ದಿನ: ನವೆಂಬರ್ 12

20. ಸದಾ ತಪ್ಪಾಗುವ ಅಂಶಗಳು

- 3 ಹಾಲೆ: ಬಲ, 2 ಹಾಲೆ: ಎಡ
- ಅನಿಲ ವಿನಿಮಯದ ತಾಣ: ಗಾಳಿಗೂಡು, ಶ್ವಾಸನಾಳ ಅಲ್ಲ
- ಸಾರಜನಕ, ಒಳಗಾಳಿಯಲ್ಲಿ ಸುಮಾರು 78%: ಸಾಮಾನ್ಯ ಒತ್ತಡದಲ್ಲಿ ಬಳಕೆ ಇಲ್ಲ
- ಶುದ್ಧ ರಕ್ತ ಒಯ್ಯುವ ಅಭಿಧಮನಿ: ಶ್ವಾಸಕೋಶ ಅಭಿಧಮನಿ
- ಪೂರ್ಣ ನಿಶ್ವಾಸದ ನಂತರವೂ ಉಳಿಯುವ ಗಾಳಿ: ಶೇಷ ಗಾತ್ರ, ಶೂನ್ಯ ಅಲ್ಲ
- ಉಸಿರಾಡುವ ತುರ್ತಿನ ಪ್ರಧಾನ ಕಾರಣ: ಕಾರ್ಬನ್ ಡೈಆಕ್ಸೈಡ್ ಏರಿಕೆ, ಆಮ್ಲಜನಕ ಇಳಿಕೆ ಅಲ್ಲ

21. ನ್ಯುಮೋನಿಯಾ ಮತ್ತು ಕ್ಷಯ

- ಮಕ್ಕಳಲ್ಲಿ ವೇಗದ ಉಸಿರಾಟದ ಮಿತಿ (ನಿಮಿಷಕ್ಕೆ): 2 ತಿಂಗಳೊಳಗೆ 60, 2–11 ತಿಂಗಳು 50, 1–5 ವರ್ಷ 40, ಈ ಮಿತಿ ಮುಟ್ಟಿದರೆ ಆರೋಗ್ಯ ಕೇಂದ್ರಕ್ಕೆ
- ಮಕ್ಕಳ ನ್ಯುಮೋನಿಯಾ ತಡೆಗೆ ಕೇಂದ್ರದ ‘ಸಾಂಸ್’ ಅಭಿಯಾನ: 2019
- ಕ್ಷಯ ರೋಗಾಣು: ಮೈಕೊಬ್ಯಾಕ್ಟೀರಿಯಂ ಟ್ಯೂಬರ್‌ಕ್ಯುಲೋಸಿಸ್, ರಾಬರ್ಟ್ ಕಾಖ್, 1882 ಮಾರ್ಚ್ 24, ನೊಬೆಲ್ 1905
- ಬಿಸಿಜಿ ಲಸಿಕೆ: ಮಾನವರಲ್ಲಿ ಮೊದಲ ಬಳಕೆ 1921, ಭಾರತದಲ್ಲಿ ಹುಟ್ಟಿದ ಕೂಡಲೇ
- ರಾಷ್ಟ್ರೀಯ ಕ್ಷಯರೋಗ ಸಂಸ್ಥೆ: ಬೆಂಗಳೂರು, 1959
- ಮೈಸೂರಿನ ಪಿಕೆಟಿಬಿ ಆರೋಗ್ಯಧಾಮ: ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ ಕೃಷ್ಣಾಜಮ್ಮಣ್ಣಿ ಅವರ ಹೆಸರು
- ರಾಷ್ಟ್ರೀಯ ಕ್ಷಯ ಕಾರ್ಯಕ್ರಮ: 1962, ಪರಿಷ್ಕೃತ: 1997, ಕ್ಷಯ ನಿರ್ಮೂಲನಾ ಕಾರ್ಯಕ್ರಮ ಎಂಬ ಹೆಸರು: 2020
- ಕ್ಷಯ ಪ್ರಕರಣ ವರದಿ ಕಡ್ಡಾಯ: 2012 ಮೇ
- ನಿಕ್ಷಯ್ ಪೋಷಣ್: 2018 ಏಪ್ರಿಲ್, ತಿಂಗಳಿಗೆ 500 ರೂ.; 2024 ನವೆಂಬರ್‌ನಿಂದ 1000 ರೂ.
- ಕ್ಷಯಮುಕ್ತ ಪಂಚಾಯಿತಿ ಅಭಿಯಾನ: 2023 ಮಾರ್ಚ್ 24, ವಾರಾಣಸಿ
- ಎರಡು ವಾರ ಮೀರಿದ ಕೆಮ್ಮು: ಕಫ ಪರೀಕ್ಷೆ ಅಗತ್ಯ; ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಮತ್ತು ಔಷಧ ಎರಡೂ ಉಚಿತ